ಏಳನೇ ಮರಿಯ ತೂಕ

ಕಾಲೇಜಿಗೆ ತಪಾಸಣೆಯವರು ಬರುತ್ತಾರೆಂದರೆ ನಮ್ಮಲ್ಲಿ ಮೊದಲು ಶುರುವಾಗುವುದು ಬೀರುಗಳನ್ನು ತೆಗೆದು ಮುಚ್ಚುವ ಕೆಲಸ. ಹತ್ತು ವರ್ಷ ಯಾರೂ ತಿರುಗಿ ನೋಡದ ಫೈಲು ಆ ವಾರ ಎಲ್ಲರಿಗೂ ಬೇಕು. ಕಳೆದ ತಿಂಗಳು ನಾನೂ ಮೂಗಿಗೆ ವೇಲು ಸುತ್ತಿಕೊಂಡು, ಮನಸ್ಸಿನಲ್ಲೇ ಎಲ್ಲರನ್ನೂ ಬೈದುಕೊಳ್ಳುತ್ತ, ಪ್ರಾಣಿಶಾಸ್ತ್ರ ವಿಭಾಗದ ಕಬ್ಬಿಣದ ಬೀರುವಿನ ತಳ ಕೆದಕುತ್ತಿದ್ದೆ. ಹಳೆಯ ಉತ್ತರಪತ್ರಿಕೆಗಳ ಹಿಂದೆ ಕೈಗೆ ಏನೋ ಒರಟಾದದ್ದು ಸಿಕ್ಕಿತು. ಎಳೆದೆ. ವೇಲನ್ನೂ ದಾಟಿ ವಾಸನೆ ಬಂತು. ಕುರಿಯ ಉಣ್ಣೆ, ನೇಯುವಾಗ ಹಾಕುವ ಹುಣಸೆಬೀಜದ ಗಂಜಿ, ಒಂದಿಷ್ಟು ಹೊಗೆ...

ಕರಿ ಕಂಬಳಿಯ ಒಂದು ತುಂಡು. ಅದರೊಳಗೆ ಸುತ್ತಿಟ್ಟಿದ್ದ ಒಂದು ಸ್ಪ್ರಿಂಗ್ ತಕ್ಕಡಿ, ಒಂದು ನೋಟ್‌ಬುಕ್ಕು. ಈ ಕಾಲೇಜಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ತಂದು ಅಲ್ಲಿ ತುರುಕಿದ್ದೆ. ಮನೆಯಲ್ಲಿ ಇಟ್ಟುಕೊಳ್ಳುವ ಮನಸ್ಸಿರಲಿಲ್ಲ, ಎಸೆಯುವ ಧೈರ್ಯವೂ ಇರಲಿಲ್ಲ. ಅದು ನಮ್ಮ ಮೇಡಂ ಅವರದು.

ಮೇಡಂ ಎಂದರೆ ನನಗೆ ಪ್ರಾಣಿಶಾಸ್ತ್ರ ಕಲಿಸಿದವರು. ಅಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ಮರೆತೇ ಹೋಗುತ್ತಿದ್ದರು. ಅವರು ನನ್ನ ಗೈಡ್ ಕೂಡ ಆಗಿದ್ದರು. ಆಗ ನಾನು ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದ್ದೆ. ಡಿಗ್ರಿ ಹುಡುಗರಿಗೂ ಸಂಶೋಧನೆಯ ರುಚಿ ಹತ್ತಲಿ ಎಂದು ವಿಶ್ವವಿದ್ಯಾಲಯದವರು ಒಂದು ಫೆಲೋಶಿಪ್ ಶುರುಮಾಡಿದ್ದರು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಒಬ್ಬ ಅಧ್ಯಾಪಕರ ಕೈಕೆಳಗೆ ಕೆಲಸ ಮಾಡಬೇಕು, ಅದಕ್ಕೆ ತಿಂಗಳು ತಿಂಗಳು ಭತ್ಯೆ ಕೊಡುತ್ತಾರೆ, ಕೊನೆಗೆ ವರದಿ ಬರೆದು ಸಮಿತಿಯ ಮುಂದೆ ನಿಂತು ಹೇಳಬೇಕು. ಚೆನ್ನಾಗಿ ಮಾಡಿದ ಮೂವರಿಗೆ ಇನ್ನೊಂದು ವರ್ಷ ಫೆಲೋಶಿಪ್ ಮುಂದುವರಿಯುತ್ತದೆ, ಎಂ.ಎಸ್ಸಿ.ಗೂ ಅವರೇ ದಾರಿ ಮಾಡಿಕೊಡುತ್ತಾರೆ.

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ನನ್ನ ವಿಷಯ ತೀರ್ಮಾನವಾಗಿಬಿಟ್ಟಿತ್ತು. ಡಿಗ್ರಿ ಮುಗಿದ ಕೂಡಲೇ ಮದುವೆ. ಅಪ್ಪ ಕೆಟ್ಟವರಲ್ಲ, ಆದರೆ ಒಮ್ಮೆ ಅಂದದ್ದನ್ನು ಬದಲಿಸುವವರಲ್ಲ. ಫೆಲೋಶಿಪ್ಪಿನ ಪತ್ರ ಬಂದಾಗ ಮಾತ್ರ ಅದನ್ನು ಎರಡು ಸಲ ಓದಿಸಿಕೊಂಡರು. "ಅವ್ರೇ ದುಡ್ಡು ಕೊಟ್ಟು ಓದಿಸ್ತಾರೆ ಅಂದ್ರೆ ಓದು. ಆ ಮೂರು ಜನದಾಗೆ ಬಂದ್ರೆ ಮುಂದಕ್ಕೆ ನೋಡಾಣ, ಇಲ್ಲಾಂದ್ರೆ ಸುಮ್ನೆ ಮನೇಗಿರು" ಎಂದರು. ಹಾಗಾಗಿ ನನಗೆ ಬೇಕಾಗಿದ್ದದ್ದು ಸಂಶೋಧನೆಯೂ ಅಲ್ಲ, ಜ್ಞಾನವೂ ಅಲ್ಲ. ಆ ಮೂವರಲ್ಲಿ ಒಬ್ಬಳಾಗುವುದು.

ಮಾಡಬೇಕಾಗಿದ್ದ ಕೆಲಸ ಕೇಳಿದರೆ ಸುಲಭ. ತಾಳ್ಯದ ಹತ್ತಿರದ ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜನ ಕುರಿರೊಪ್ಪವಿತ್ತು, ಕುರಿ ಕೂಡುವ ದೊಡ್ಡಿ. ಅಲ್ಲಿ ಹತ್ತು ಮರಿಗಳನ್ನು ಆರಿಸಿಕೊಂಡು, ಐದಕ್ಕೆ ಮೇವಿನ ಜೊತೆ ಜಾಲಿಕಾಯಿ ಹಾಕಿಸುವುದು, ಇನ್ನೈದಕ್ಕೆ ಬರೀ ಮೇವು. ವಾರಕ್ಕೊಮ್ಮೆ ತೂಗುವುದು. ಎಂಟು ವಾರದಲ್ಲಿ ಯಾವುವು ಹೆಚ್ಚು ಬೆಳೆದವು ಎಂದು ನೋಡುವುದು. ತಕ್ಕಡಿಯನ್ನು ಬೇವಿನ ಕೊಂಬೆಗೆ ನೇತುಹಾಕಿ, ಕಂಬಳಿಯ ತುಂಡನ್ನು ಜೋಳಿಗೆಯ ಹಾಗೆ ಕೊಕ್ಕೆಗೆ ಸಿಕ್ಕಿಸಿ ಅದರಲ್ಲಿ ಮರಿಯನ್ನು ಕೂರಿಸುತ್ತಿದ್ದೆವು. ಪ್ಲಾಸ್ಟಿಕ್ ಚೀಲದಲ್ಲಿ ಒದ್ದಾಡುವ ಮರಿ ಕಂಬಳಿಯಲ್ಲಿ ಸುಮ್ಮನೆ ಕೂರುತ್ತದೆ, ತಾಯಿಯ ವಾಸನೆ ಬರುತ್ತದಲ್ಲ, ಎಂದು ಮೇಡಂ ಹೇಳಿದ್ದರು. ಅವರು ಹಿರಿಯೂರು ಕಡೆಯ ಕುರಿ ಸಾಕುವ ಮನೆಯವರು.

ಇದರಲ್ಲಿ ಕಷ್ಟವೆಂದರೆ ಮೇಡಂ ಒಬ್ಬರೇ.

ಎಂಥ ಕಿರಿಕಿರಿಯ ಹೆಂಗಸು ಎಂದು ಈಗ ಹೇಳಿದರೆ ನಂಬುವುದು ಕಷ್ಟ. ಚಿತ್ರದುರ್ಗದಿಂದ ಬಸ್ಸು ಹತ್ತಿ ಬರುವವರು, ನನಗೆಂದು ಪಕ್ಕದ ಸೀಟಿನ ಮೇಲೆ ಆ ಕಂಬಳಿಗಂಟು ಇಟ್ಟು ಜಾಗ ಹಿಡಿದಿರುತ್ತಿದ್ದರು. ಅದರ ವಾಸನೆಗೆ ಸೀಟನ್ನು ಕೇಳಲು ಯಾರೂ ಬರುತ್ತಿರಲಿಲ್ಲ. ಹೊಳಲ್ಕೆರೆಯಲ್ಲಿ ನಾನು ಹತ್ತಿ ಕೂತ ಮೇಲೆ ಗಂಟು ನನ್ನ ತೊಡೆಯ ಮೇಲೆ. ನಮಸ್ಕಾರ ಎಂದರೆ ತಲೆಯಾಡಿಸುತ್ತಿದ್ದರು ಅಷ್ಟೇ. ತಾಳ್ಯ ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂರುವರು. ನಾನೇನಾದರೂ ಮಾತು ತೆಗೆದು, ಈ ವರ್ಷ ಬಿಸಿಲು ಜಾಸ್ತಿ ಅಲ್ಲವಾ ಮೇಡಂ ಎಂದರೆ ಸಾಕು, ತಿರುಗಿ ಕೇಳುತ್ತಿದ್ದರು: "ಹೆಂಗೆ ಗೊತ್ತು?"

ಅದು ಅವರ ರೋಗ. ನೋಟ್‌ಬುಕ್ಕಿನಲ್ಲೂ ಅದಕ್ಕೊಂದು ಕಾಲಂ ಹಾಕಿಸಿದ್ದರು. ದಿನಾಂಕ, ಮರಿಯ ನಂಬರು, ತೂಕ, ಅದರ ಪಕ್ಕದಲ್ಲಿ "ಹೇಗೆ ಗೊತ್ತು". ಆ ಕಾಲಮಿನಲ್ಲಿ ಬರೆಯಲು ನಾಲ್ಕೇ ಮಾತು: ಕಂಡಿದ್ದು, ತೂಗಿದ್ದು, ಕೇಳಿದ್ದು, ಅಂದಾಜು. ಮರಿ ಬೆಳಿಗ್ಗೆ ನೀರು ಕುಡಿಯಿತು ಎಂದು ಅಜ್ಜ ಹೇಳಿದರೆ "ಕೇಳಿದ್ದು". ನಾನೇ ಬಕೇಟಿನ ಮುಂದೆ ನಿಂತು ನೋಡಿದ್ದರೆ "ಕಂಡಿದ್ದು". ಪೆನ್ನಿನಲ್ಲೇ ಬರೆಯಬೇಕು, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಹಾಳೆ ಹರಿಯುವಂತಿಲ್ಲ. ಉಳಿದ ಗೈಡುಗಳ ಕೈಕೆಳಗಿದ್ದ ನನ್ನ ಗೆಳತಿಯರು ಲೈಬ್ರರಿಯ ಫ್ಯಾನಿನ ಕೆಳಗೆ ಕೂತು ಪುಸ್ತಕದಿಂದ ಎತ್ತಿ ವರದಿ ಬರೆಯುತ್ತಿದ್ದರು. ನಾನು ಬೇಸಿಗೆಯ ಬಿಸಿಲಲ್ಲಿ ಕುರಿಹಿಕ್ಕೆಯ ಮಧ್ಯೆ ನಿಂತು "ಕಂಡಿದ್ದು, ಕಂಡಿದ್ದು" ಎಂದು ಬರೆಯುತ್ತಿದ್ದೆ. ಜೀವ ತಿಂದುಬಿಟ್ಟಿದ್ದರು.

ಇನ್ನೊಂದು ನಿಯಮ ಅಜ್ಜನದು. ಮರಿಗಳ ಕಿವಿಗೆ ನಂಬರಿನ ಬಿಲ್ಲೆ ಚುಚ್ಚಲು ಅವನು ಬಿಡಲಿಲ್ಲ. ಕೊರಳಿಗೆ ದಾರ ಕಟ್ಟಿ, ದಾರದಲ್ಲಿ ನಂಬರಿನ ಮಣಿ ಪೋಣಿಸಿಕೊಳ್ಳಲು ಒಪ್ಪಿದ. ತೂಗಲೂ ಒಪ್ಪಿದ. ಆದರೆ ತೂಕವನ್ನು ಬಾಯಿಬಿಟ್ಟು ಹೇಳಬಾರದು. "ಎಷ್ಟು ಬಂತು ಅಂತ ನಿಮ್ಮ ಬುಕ್ಕಿನಾಗೆ ಬರ್ಕಳ್ರಿ. ಸೊಲ್ಲೆತ್ತಬ್ಯಾಡ್ರಿ. ಕಣ್ಣು ಬೀಳ್ತೈತೆ" ಎಂದಿದ್ದ. ತನ್ನ ಕುರಿ ಎಷ್ಟಿವೆ ಎಂದು ಕೇಳಿದರೂ ಅವನು "ಅವೆ, ದೇವ್ರು ಕೊಟ್ಟಷ್ಟು" ಎನ್ನುವವನು. ಮೇಡಂ ಈ ನಿಯಮಕ್ಕೆ ಎರಡು ಮಾತಾಡದೆ ತಲೆಯಾಡಿಸಿದರು. ನನ್ನ ಒಂದೊಂದು ಅಕ್ಷರಕ್ಕೂ ಹೇಗೆ ಗೊತ್ತು ಎಂದು ಕೇಳುವವರು, ಕಣ್ಣು ಬೀಳುತ್ತದೆ ಎಂದಾಗ ಯಾಕೆ ಕೇಳಲಿಲ್ಲವೋ... ಆಗ ನನಗೆ ಅದೂ ಸಿಟ್ಟೇ. ಒಬ್ಬರು ತೂಗುವುದು, ಮುಳ್ಳು ನಿಂತಲ್ಲಿ ಬೆರಳಿಟ್ಟು ತೋರಿಸುವುದು, ಇನ್ನೊಬ್ಬರು ಬರೆಯುವುದು. ಮೂಗರ ಹಾಗೆ ಎರಡು ವಾರ ತೂಗಿದೆವು.

ಏಳನೇ ನಂಬರಿನದು ಒಂದು ಟಗರುಮರಿ. ಜಾಲಿಕಾಯಿ ತಿನ್ನುವ ಗುಂಪಿನದು. ಅಚ್ಚ ಕಪ್ಪು, ಕಂಡವರನ್ನೆಲ್ಲ ಗುದ್ದುವ ಹುಮ್ಮಸ್ಸು. ನನ್ನ ವರದಿ ಗೆಲ್ಲುವುದಿದ್ದರೆ ಅದರಿಂದಲೇ ಎಂದು ನಾನು ಲೆಕ್ಕ ಹಾಕಿದ್ದೆ. ಮೂರನೇ ವಾರ ಅದನ್ನು ಜೋಳಿಗೆಗೆ ಹಾಕಿದಾಗ ಮುಳ್ಳು ಸರ್ರನೆ ಇಳಿಯಿತು. ಖುಷಿಗೆ ನನ್ನ ಬಾಯಿಂದ ಬಂದೇಬಿಟ್ಟಿತು: "ಅಬ್ಬ, ಹದಿಮೂರು ಕೆಜಿ ಮೇಡಂ."

ಮೇಡಂ ನನ್ನನ್ನೊಮ್ಮೆ ನೋಡಿದರು. ಅಜ್ಜ ಮರಿಯನ್ನು ಜೋಳಿಗೆಯಿಂದ ಎತ್ತಿಕೊಂಡು, ಅದರ ಹಣೆಯ ಮೇಲೆ ಥೂ ಥೂ ಎಂದು, ರೊಪ್ಪದೊಳಕ್ಕೆ ಹೋದ.

ನಾಲ್ಕನೇ ವಾರ ಮೇಡಂಗೆ ಮೌಲ್ಯಮಾಪನದ ಡ್ಯೂಟಿ ಬಿತ್ತು. "ನೀನೊಬ್ಳೇ ಹೋಗ್ಬಾ, ಏನು ಕಾಣ್ತೈತೋ ಅದನ್ನ ಬರಿ" ಎಂದು ಗಂಟು ನನಗೆ ಕೊಟ್ಟಿದ್ದರು. ಹೋದೆ. ಅಜ್ಜ ಒಂದೊಂದೇ ಮರಿ ತಂದುಕೊಟ್ಟ, ತೂಗಿದೆ. ಏಳನೇ ಮಣಿಯ ಮರಿ ಬಂತು. ಮುಳ್ಳು ಹತ್ತಕ್ಕೆ ನಿಂತಿತು. ತಕ್ಕಡಿ ಅಲುಗಾಡಿಸಿ ಮತ್ತೆ ತೂಗಿದೆ. ಹತ್ತೇ. ಒಂದು ವಾರದಲ್ಲಿ ಮೂರು ಕೆಜಿ ಇಳಿದ ಮರಿ ಹೀಗೆ ನೆಟ್ಟಗೆ ನಿಂತಿರಲು ಸಾಧ್ಯವೇ ಇಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಬೇರೆ: ತಕ್ಕಡಿ ಕೆಟ್ಟಿದೆ, ಇಲ್ಲವೇ ನನ್ನ ಹಣೆಬರಹ ಕೆಟ್ಟಿದೆ. ಅಪ್ಪನ ಮಾತು ನೆನಪಾಯಿತು. ಬೆಳೆಯುತ್ತಿರುವ ಮರಿ ಹದಿನಾಲ್ಕಾದರೂ ಇರಲೇಬೇಕಲ್ಲ, ಎಂದುಕೊಂಡು "ಹದಿನಾಲ್ಕು" ಎಂದು ಬರೆದೆ. ಪಕ್ಕದ ಕಾಲಮಿನಲ್ಲಿ "ತೂಗಿದ್ದು" ಎಂದು ಬರೆದೆ. ಎಂಟನೇ ಮರಿಗೆ ಕೈ ಚಾಚಿದೆ.

ಐದನೇ ವಾರ ಇಬ್ಬರೂ ಹೋದೆವು. ಏಳನೇ ಮಣಿಯ ಮರಿ ಹತ್ತೂವರೆ ತೂಗಿತು. ಮೇಡಂ ಹಿಂದಿನ ಹಾಳೆ ತಿರುವಿದರು. ಹದಿನಾಲ್ಕು. ಬೆರಳು ಅಲ್ಲೇ ಇಟ್ಟುಕೊಂಡು ನನ್ನ ಕಡೆ ನೋಡಿದರು.

"ಭೇದಿ ಆಗಿರಬೇಕು ಮೇಡಂ" ಎಂದೆ.

"ಹೆಂಗೆ ಗೊತ್ತು?"

ಅಜ್ಜ ತಲೆ ಕೆರೆದುಕೊಂಡು ನಕ್ಕ. "ಭೇದಿಯೂ ಇಲ್ಲ ಎಂಥದೂ ಇಲ್ಲ ತಾಯಿ. ಅವತ್ತು ನಿಮ್ಮ ಹುಡುಗಿ ತೂಕ ಕೂಗಿಬಿಡ್ತಲ್ಲ, ಸಂಜಿಗೆ ಮರಿ ಹಾಲಿಗೇ ಹೋಗ್ಲಿಲ್ಲ. ನಂಗೆ ಎದಿ ಧಸಕ್ ಅಂತು. ಅದ್ಕೇ ಮಣಿ ಬಿಚ್ಚಿ ಅದರ ಜೊತಿಗೇ ಹುಟ್ಟಿದ ಕರಿ ಮರಿಗೆ ಕಟ್ಟಿದೆ. ಎರಡು ವಾರದಿಂದ ನೀವು ತೂಗ್ತಿರದು ಅದನ್ನ. ಇದು ಬಡಕ್ಲು, ಇದಕ್ಕೆ ಯಾರ ಕಣ್ಣೂ ಬೀಳಲ್ಲ."

"ಎರಡು ವಾರದಿಂದ" ಎಂದು ಮೇಡಂ ನಿಧಾನವಾಗಿ ಹೇಳಿದರು. ಅಷ್ಟೇ. ಆ ಬಡಕಲು ಮರಿ ಹುಟ್ಟಿದಾಗಿನಿಂದ ಹದಿನಾಲ್ಕು ಕೆಜಿ ಮುಟ್ಟಿದ್ದೇ ಇಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಾಗಿತ್ತು. ಅವರು ಬೈದಿದ್ದರೆ ನಾನು ಅತ್ತು ಮುಗಿಸಿಬಿಡುತ್ತಿದ್ದೆ. ಬೈಯಲಿಲ್ಲ. ನಿಜವಾದ ಏಳನೇ ಮರಿ ರೊಪ್ಪದ ಹಿಂದೆ ಕಟ್ಟಿಹಾಕಿದ್ದು ಅರಚುತ್ತಿತ್ತು. ಅದನ್ನೇ ತಂದು ತೂಗೋಣ ಮೇಡಂ, ಎಲ್ಲ ಸರಿಹೋಗುತ್ತದೆ ಎಂದೆ. "ಬ್ಯಾಡ. ಅಜ್ಜನಿಗೆ ಇಷ್ಟ ಇಲ್ಲ" ಎಂದರು. ತಮ್ಮಪ್ಪನೂ ಹೀಗೇ ಒಳ್ಳೇ ಮರಿಯನ್ನು ಬಂದವರ ಕಣ್ಣಿಗೆ ಬೀಳಿಸದೆ ಬಚ್ಚಿಡುತ್ತಿದ್ದ ಎಂದು ಅಜ್ಜನ ಹತ್ತಿರ ಹೇಳಿ, ಅವನು ಕೊಟ್ಟ ಮಜ್ಜಿಗೆ ಕುಡಿದು ಎದ್ದರು.

ಹೊಳಲ್ಕೆರೆಯಲ್ಲಿ ನಾನು ಬಸ್ಸಿಳಿಯುವಾಗ ಮೇಡಂ ಹೇಳಿದರು. "ಆ ಹಾಳೆ ಹರೀಬ್ಯಾಡ. ಹಂಗೇ ಇರ್ಲಿ. ಅದರ ಕೆಳಗೆ ಏನಾಯ್ತು ಅಂತ ಬರಿ. ವರದಿನಾಗೂ ಬರಿ."

ಆಮೇಲಿನ ಮೂರು ವಾರ ನಾನು ಅವರನ್ನು ಬೇಡಿಕೊಂಡ ಹಾಗೆ ಯಾರನ್ನೂ ಬೇಡಿಕೊಂಡಿಲ್ಲ. ಆ ಮರಿಯನ್ನೇ ತೆಗೆದು ಒಂಬತ್ತು ಮರಿ ಎಂದು ತೋರಿಸೋಣ ಎಂದೆ. "ಹತ್ತು ಮರಿ ತೂಗಿದ್ದೀಯಲ್ಲ." ಮರಿ ಸತ್ತಿತು ಎಂದು ಬರೆಯೋಣ ಎಂದೆ. "ಅಜ್ಜನ ಮರಿ ಸಾಯಿಸ್ತೀಯೇನೆ?" ಕೊನೆಗೆ ಮನೆಯ ವಿಷಯವನ್ನೂ ಹೇಳಿದೆ. ಅಪ್ಪ ಹೇಳಿದ್ದು, ಮದುವೆಯ ಮಾತು, ಎಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದರು, ಆ ಒಂದು ಪುಟ ಇಲ್ಲದ ವರದಿಗೆ ತಾವು ಸಹಿ ಹಾಕುವುದಿಲ್ಲ ಎಂದು. ಗೈಡಿನ ಸಹಿ ಇಲ್ಲದೆ ಸಮಿತಿಯ ಮುಂದೆ ಹೋಗುವಂತಿರಲಿಲ್ಲ. ಹಲ್ಲು ಕಚ್ಚಿಕೊಂಡು ಬರೆದೆ. ನಾಲ್ಕನೇ ವಾರದ ತೂಕ ನಾನು ತೂಗಿದ್ದಲ್ಲ, ನಾನು ಊಹಿಸಿದ್ದು. ಐದನೇ ವಾರದ್ದು ಬೇರೆ ಮರಿಯದು. ಮರಿ ಬದಲಾಗಲು ನಾನು ತೂಕವನ್ನು ಗಟ್ಟಿಯಾಗಿ ಹೇಳಿದ್ದೇ ಕಾರಣ...

ವಿಶ್ವವಿದ್ಯಾಲಯದ ಹಾಲಿನಲ್ಲಿ ಆ ಪುಟ ಓದುವಾಗ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಸಮಿತಿಯಲ್ಲಿದ್ದ ಹಿರಿಯರೊಬ್ಬರು, "ಅಂತೂ ಕುರಿ ಕಾಯೋನು ನಿಮಗೇ ಟೋಪಿ ಹಾಕ್ದ ಅನ್ನಿ" ಎಂದರು. ಹಾಲಿಗೆ ಹಾಲೇ ನಕ್ಕಿತು. ನಾನು ಹಿಂದಿನ ಸಾಲಿನತ್ತ ನೋಡಿದೆ. ಮೇಡಂ ನಗುತ್ತಿರಲಿಲ್ಲ. ಎದ್ದು ನಿಂತು ಒಂದು ಮಾತನ್ನೂ ಆಡಲಿಲ್ಲ. ಅವರ ಹಟಕ್ಕಾಗಿ ನಾನು ಅಲ್ಲಿ ನಿಂತು ನಗೆಪಾಟಲಾಗುತ್ತಿದ್ದೆ, ಅವರು ಕಂಬಳಿಗಂಟಿನ ಹಾಗೆ ಕೂತಿದ್ದರು. ಮೂವರ ಹೆಸರು ಓದಿದರು, ನನ್ನದಿರಲಿಲ್ಲ. ಲೈಬ್ರರಿಯ ಫ್ಯಾನಿನ ಕೆಳಗೆ ವರದಿ ಬರೆದ ಗೆಳತಿಯದಿತ್ತು.

ಹೊರಗೆ ಬಂದಾಗ ಮೇಡಂ, "ಬಾ, ಉಂಡು ಹೋಗಾಣ" ಎಂದರು. ಪ್ರದರ್ಶನಕ್ಕೆಂದು ತಂದಿದ್ದ ಗಂಟು ನನ್ನ ಕೈಯಲ್ಲೇ ಇತ್ತು. ಅದನ್ನು ವಾಪಸ್ ಕೊಡಬೇಕೆಂಬುದೂ ನೆನಪಾಗದೆ, ಉತ್ತರವನ್ನೂ ಕೊಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ.

ಕೊನೆಯ ವರ್ಷ ಪೂರ್ತಿ ಅವರ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅವರು ಗಂಟು ವಾಪಸ್ ಕೇಳಲಿಲ್ಲ, ನಾನು ಕೊಡಲಿಲ್ಲ. ಡಿಗ್ರಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಉಪ್ಪಿಟ್ಟು ಕಾಫಿ ಕೊಡುತ್ತ, ಬಂದ ಗಂಡುಗಳ ಮುಂದೆ ಕೂತೆ. ಎರಡು ಸಂಬಂಧ ತಾವಾಗಿಯೇ ತಪ್ಪಿದವು. ಮೂರನೆಯವರು ಬರುವ ಮೊದಲು ಊಟ ಬಿಟ್ಟು, ಮಾತು ಬಿಟ್ಟು, ಅಪ್ಪನನ್ನು ಸೋಲಿಸಿ ಎಂ.ಎಸ್ಸಿ. ಸೇರಿದೆ. ಆ ಹಾಳಾದ ವರ್ಷದ ಒಂದೊಂದು ದಿನವನ್ನೂ ಮೇಡಂ ಹೆಸರಿಗೆ ಬರೆದಿಟ್ಟುಕೊಂಡಿದ್ದೆ.

ನಾನು ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ನಿವೃತ್ತರಾಗಿ ಹಿರಿಯೂರಿನ ಹತ್ತಿರ ತಮ್ಮ ಊರಿಗೆ ಹೋಗಿದ್ದರು. ನಂಬರು ಯಾರು ಕೊಟ್ಟರೋ. "ನೀನೂ ಗೈಡ್ ಆಗಿದ್ದೀಯಂತೆ" ಎಂದರು. ಹೌದು ಮೇಡಂ ಎಂದೆ. ತಾವು ಹತ್ತಾರು ಕುರಿ ಸಾಕಿರುವುದಾಗಿ ಹೇಳಿದರು. ವಾರಕ್ಕೊಮ್ಮೆ ತೂಗುತ್ತೀರಾ ಎಂದು ಕೇಳಿದೆ, ಚುಚ್ಚಬೇಕೆಂದೇ ಕೇಳಿದೆ. "ಇಲ್ಲಪ್ಪ. ಕಣ್ಣು ಬೀಳ್ತೈತೆ" ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹೇಳಿದರು. "ಆ ಪುಟ ಬರೆಸಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಆದ್ರೆ ಅವತ್ತು ಅವ್ರು ನಗುವಾಗ ನಾನು ಎದ್ದು ನಿಲ್ಲಬೇಕಿತ್ತು ಕಣೆ. ಅಜ್ಜ ಟೋಪಿ ಹಾಕಿದ್ದಲ್ಲ ಅಂತ ಹೇಳಬೇಕಿತ್ತು. ನಮ್ಮಪ್ಪ ಕುರಿ ಕಾಯ್ತಿದ್ದ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಯೇ ಬರಲಿಲ್ಲ. ಬಿಡುವಾದಾಗ ಬಾ ಈ ಕಡೆ."

ಅಷ್ಟು ವರ್ಷ ನಾನು ಕಾದಿದ್ದ ಮಾತು ಅದು. "ಬರ್ತೀನಿ ಮೇಡಂ" ಎಂದೆ. ಹೋಗಲಿಲ್ಲ. ಪರೀಕ್ಷೆ ಬಂತು, ಮಗುವಿಗೆ ಜ್ವರ ಬಂತು, ತಪಾಸಣೆ ಬಂತು. ನಾನಿರುವ ಚಿತ್ರದುರ್ಗದಿಂದ ಹಿರಿಯೂರು ಎಂದರೆ ಒಂದು ಗಂಟೆಯ ದಾರಿ. ಹೋಗದೇ ಇರಲು ಇನ್ನೇನು ಕಾರಣ ಬೇಕು ಎಂದು ಹುಡುಕುತ್ತಲೇ ಎರಡು ವರ್ಷ ಕಳೆದೆ. ಹೋದ ಆಷಾಢದಲ್ಲಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಡಂ ಫೋಟೋ ಬಂತು, ಹೂವಿನ ಚೌಕಟ್ಟು ಹಾಕಿ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ಒಂದು ಒತ್ತಿದೆ. ಅಷ್ಟೇ ನಾನು ಮಾಡಿದ್ದು. ಅವರ ಮೇಲಿನ ಸಿಟ್ಟೆಲ್ಲ ಒಟ್ಟುಗೂಡಿಸಿದರೂ ಈಗ ನನ್ನ ಮೇಲೆ ನನಗಿರುವ ಸಿಟ್ಟಿಗೆ ಸಮವಾಗುವುದಿಲ್ಲ.

ಬೀರುವಿನ ಮುಂದೆ ಕೂತು ನಾನು ನೋಟ್‌ಬುಕ್ಕು ತಿರುವುತ್ತಿರುವಾಗ ಈ ವರ್ಷದ ನನ್ನ ಫೆಲೋಶಿಪ್ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಊರೂರಿನ ಬೋರ್‌ವೆಲ್ ನೀರಿನ ಉಪ್ಪು ಅಳೆಯುವ ಕೆಲಸ ಅವಳದು. ಪೋರ್ಟಲ್ಲಿಗೆ ವರದಿ ಏರಿಸಲು ಅಂದೇ ಕೊನೆಯ ದಿನ. ಪರದೆಯ ಮೇಲೆ ಗ್ರಾಫಿನ ಗೆರೆಗಳೆಲ್ಲ ಎಣ್ಣೆ ಸವರಿದ ಹಾಗೆ ನುಣ್ಣಗಿದ್ದವು.

"ಈ ಹಳ್ಳೀದು ಮೂರು ವಾರದ್ದೂ ನೀನೇ ಅಳೆದಿದ್ದಾ?" ಎಂದೆ.

"ಮೂರನೇದು ಅಳೀಲಿಲ್ಲ ಮ್ಯಾಮ್, ಕರೆಂಟ್ ಇರ್ಲಿಲ್ಲ. ಆದ್ರೆ ಅಷ್ಟೇ ಬರ್ತಿತ್ತು."

"ಹೆಂಗೆ ಗೊತ್ತು?"

ಅವಳ ಮುಖದ ಮೇಲೆ ಬಂದ ಸಿಟ್ಟು ನನಗೆ ಚೆನ್ನಾಗಿ ಗುರುತಿತ್ತು. ಪೋರ್ಟಲ್ಲಿನಲ್ಲಿ ಅಂಥದ್ದನ್ನು ಬರೆಯಲು ಜಾಗವೇ ಇಲ್ಲ ಮ್ಯಾಮ್ ಎಂದಳು. ನಿಜ, ಇರಲಿಲ್ಲ. ಅಂದಾಜು ಎಂದು ಬರೆದು ಒಂದು ಪುಟ ಸೇರಿಸು, ಸಹಿ ಹಾಕುತ್ತೇನೆ, ಸಮಿತಿಯ ಮುಂದೆ ನಾನೂ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ ಎಂದೆ. ನಾನು ನಿಲ್ಲುವುದರಿಂದ ಅವಳಿಗೇನು ಲಾಭ? ಧಡಧಡ ಹೆಜ್ಜೆ ಹಾಕಿಕೊಂಡು ಹೋದಳು. ಹೊರಗೆ ಗೆಳತಿಯ ಹತ್ತಿರ ನನ್ನನ್ನು ಬೈದುಕೊಂಡಿದ್ದು ಕಿಟಕಿಯಲ್ಲಿ ಕೇಳಿಸಿತು.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೇಡಂ ಎಳೆಸಿದ್ದ ಗೆರೆಗಳು ಹಾಗೇ ಇದ್ದವು, ನಾಲ್ಕು ಕಾಲಂ, ಖಾಲಿ. ಪೆನ್ನು ತೆಗೆದು ಅಲ್ಲಿ, ಮೇಡಂ ತೀರಿಕೊಂಡರು, ಎಂದು ಬರೆದೆ. "ಹೇಗೆ ಗೊತ್ತು" ಎಂಬಲ್ಲಿ ಕೈ ನಿಂತಿತು. ಕಾಲೇಜಿನ ಗೇಟಿನ ಮುಂದೆ ಹಿರಿಯೂರು ಬಸ್ಸೊಂದು ನಿಂತು, ಯಾರನ್ನೋ ಹತ್ತಿಸಿಕೊಂಡು ಹೋಯಿತು. ಹೋಗಿದ್ದರೆ, ಕಂಡಿದ್ದು ಎಂದು ಬರೆಯಬಹುದಿತ್ತು. ಒಂದು ಗಂಟೆಯ ದಾರಿ.

ಕೇಳಿದ್ದು, ಎಂದು ಬರೆದೆ.